ಪಿಸ್ಟನ್ ಹಿಡಿದುಕೊಳ್ಳುವ ಮೊದಲು

ವೆಸ್ಪಾ, ಲ್ಯಾಂಬ್ರೆಟಾ, ಚೇತಕ್... ಶಕ್ತಿ ಹೆಚ್ಚಿಸಿಕೊಂಡ ಹಳೆಯ ಟೂ ಸ್ಟ್ರೋಕ್ ಸ್ಕೂಟರ್‌ಗಳಿಗೆ ಬಿಸಿಯೇ ದೊಡ್ಡ ಶತ್ರು. ಪ್ಲಗ್ಗಿನ ಕೆಳಗೆ ಕೂರುವ ಒಂದು ತೆಳು ಉಂಗುರ ಮತ್ತು ಹ್ಯಾಂಡಲ್ ಮೇಲಿನ ಪುಟ್ಟ ಮೀಟರ್ ಆ ಶತ್ರುವಿನ ನಡೆಯನ್ನು ಮೊದಲೇ ತೋರಿಸಿಕೊಡುತ್ತವೆ.

ಇಟಲಿಯ ಪೊಂಟೆಡೆರಾ ಊರಿನಲ್ಲಿ 1946ರಲ್ಲಿ ವೆಸ್ಪಾಕ್ಕೆ ರೂಪ ಕೊಟ್ಟ ಕೊರಾಡಿನೊ ಡಸ್ಕಾನಿಯೊ ಮೂಲತಃ ವಿಮಾನಗಳ ಎಂಜಿನಿಯರ್. ಹೆಲಿಕಾಪ್ಟರ್ ಹಾರಿಸುವ ಕನಸಿನ ಹಿಂದೆ ವರ್ಷಗಟ್ಟಲೆ ದುಡಿದವರು. ಮೋಟರ್‌ಸೈಕಲ್ ಎಂದರೆ ಅವರಿಗೆ ಅಷ್ಟಕ್ಕಷ್ಟೆ. ಚೈನಿನ ಗ್ರೀಸು ಬಟ್ಟೆಗೆ ಮೆತ್ತುತ್ತದೆ, ಕಾಲೆತ್ತಿ ಆಚೆ ಹಾಕಿ ಹತ್ತಬೇಕು, ಪಂಕ್ಚರ್ ಆದರೆ ಚಕ್ರ ಬಿಚ್ಚುವುದೇ ದೊಡ್ಡ ಕೆಲಸ. ಹಾಗಾಗಿ ಅವರು ಚೈನನ್ನೇ ಕೈಬಿಟ್ಟರು. ಎಂಜಿನ್ನನ್ನು ಹಿಂದಿನ ಚಕ್ರದ ಮಗ್ಗುಲಿಗೆ ಸರಿಸಿ, ಉಬ್ಬಿದ ತಗಡಿನ ಪ್ಯಾನೆಲ್ಲಿನೊಳಗೆ ಮುಚ್ಚಿಟ್ಟರು. ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟವರೂ ಲಂಗ ತೊಟ್ಟವರೂ ನಿಶ್ಚಿಂತೆಯಿಂದ ಹತ್ತಿ ಕೂರಬಹುದಾದ ವಾಹನ ಹುಟ್ಟಿತು.

ಆದರೆ ಎಂಜಿನ್ನಿಗೆ ಎದುರುಗಾಳಿ ತಪ್ಪಿತು.

ಮೋಟರ್‌ಸೈಕಲ್ಲಿನ ಸಿಲಿಂಡರ್ ಬಯಲಿನಲ್ಲಿರುತ್ತದೆ. ಗಾಡಿ ಓಡಿದಷ್ಟೂ ಗಾಳಿ ಬಡಿದು ಅದರ ಬಿಸಿ ಕಳೆಯುತ್ತದೆ. ಪ್ಯಾನೆಲ್ಲಿನೊಳಗೆ ಅಡಗಿ ಕುಳಿತ ಸ್ಕೂಟರ್ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅದಕ್ಕೆ ಫ್ಯಾನ್ ಬೇಕು. ವೆಸ್ಪಾದಲ್ಲಿ ಫ್ಲೈವೀಲಿಗೇ ರೆಕ್ಕೆಗಳಿವೆ. ಎಂಜಿನ್ ತಿರುಗಿದಂತೆ ಅವು ಗಾಳಿ ಎಳೆದು, ತಗಡಿನ ಕವಚದ ಮೂಲಕ ಸಿಲಿಂಡರ್ ಮತ್ತು ಹೆಡ್ಡಿನ ಫಿನ್‌ಗಳ ನಡುವೆ ನುಗ್ಗಿಸುತ್ತವೆ. ಮಿಲಾನಿನ ಇನ್ನೊಚೆಂಟಿ ಕಂಪನಿಗೂ ಇದೇ ಪಾಠವಾಯಿತು. 1947ರ ಮೊದಲ ಲ್ಯಾಂಬ್ರೆಟಾದ ಎಂಜಿನ್ ತೆರೆದೇ ಇತ್ತು, ಫ್ಯಾನ್ ಬೇಕಿರಲಿಲ್ಲ. 1950ರಲ್ಲಿ ಬಂದ ಎಲ್‌ಸಿ ಮಾದರಿಗೆ ಪ್ಯಾನೆಲ್ ಹೊದಿಸಿದರು, ಜೊತೆಗೇ ಫ್ಯಾನನ್ನೂ ಕೂರಿಸಿದರು.

ಮೊದಲ ವೆಸ್ಪಾದ 98 ಸಿಸಿ ಎಂಜಿನ್ನಿಗೆ ಇದ್ದದ್ದು ಮೂರು ಚಿಲ್ಲರೆ ಅಶ್ವಶಕ್ತಿ. ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಆ ಫ್ಯಾನ್ ಧಾರಾಳವಾಗಿ ಸಾಕಾಗಿತ್ತು. ಎಂಟು ದಶಕಗಳ ನಂತರವೂ ತಣಿಸುವ ಏರ್ಪಾಡು ಹೆಚ್ಚುಕಡಿಮೆ ಅದೇ. ಅದರ ಮೇಲೆ ಹೊರಿಸುವ ಭಾರ ಮಾತ್ರ ಬೇರೆಯಾಗಿದೆ.

ಶಕ್ತಿ ಇಮ್ಮಡಿ, ಫ್ಯಾನ್ ಅದೇ

ಯುರೋಪಿನಲ್ಲಿ ಹಳೆಯ ಸ್ಕೂಟರ್‌ಗಳ ಶಕ್ತಿ ಹೆಚ್ಚಿಸುವುದು ದೊಡ್ಡ ಹವ್ಯಾಸ. ಅದರ ಸುತ್ತ ಒಂದು ಉದ್ಯಮವೇ ಬೆಳೆದಿದೆ. ಬೊಲೊನ್ಯಾ ಬಳಿಯ ಮಲೋಸಿ, ಬೆರ್ಗಮೊ ಸೀಮೆಯ ಪೊಲಿನಿ, ಜರ್ಮನಿಯ ಲಾಂಡ್ಸ್‌ಬರ್ಗ್‌ನಲ್ಲಿರುವ ಎಸ್‌ಐಪಿ, ಕಲೋನ್ ಬಳಿಯ ಸ್ಕೂಟರ್ ಸೆಂಟರ್, ಇವೆಲ್ಲ ಈ ಲೋಕದಲ್ಲಿ ಮನೆಮಾತಾದ ಹೆಸರುಗಳು. 150 ಸಿಸಿಯ ವೆಸ್ಪಾ ಪಿಎಕ್ಸ್‌ಗೆ 63 ಮಿಲಿಮೀಟರ್ ಬೋರಿನ ಪೊಲಿನಿ ಸಿಲಿಂಡರ್ ಹಾಕಿದರೆ ಅದು 177 ಸಿಸಿ ಆಗುತ್ತದೆ. ಪಿಎಕ್ಸ್ 200ಕ್ಕೆ 68.5 ಮಿಲಿಮೀಟರ್ ಬೋರಿನ ಮಲೋಸಿ ಸಿಲಿಂಡರ್ ಹಾಕಿದರೆ 210. ಕಾರ್ಖಾನೆಯಿಂದ ಬರುವಾಗ ಪಿಎಕ್ಸ್ 200ರ ಶಕ್ತಿ 12 ಅಶ್ವಶಕ್ತಿಯ ಆಸುಪಾಸು. ದೊಡ್ಡ ಕಾರ್ಬೊರೇಟರ್, ಅರೆದು ಅಗಲಿಸಿದ ಪೋರ್ಟು, ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಶನ್ ಸೈಲೆನ್ಸರ್ ಸೇರಿದರೆ ಅದು 20 ದಾಟುವುದು ಈಗ ಸಾಮಾನ್ಯ ಸಂಗತಿ.

ಆ ಸೈಲೆನ್ಸರಿನ ಹಿಂದೆ ದೊಡ್ಡ ಕಥೆಯಿದೆ. ಪೂರ್ವ ಜರ್ಮನಿಯ ಚೊಪಾವ್ ಊರಿನ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಹೊಗೆಯ ಅಲೆಗಳನ್ನೇ ಪಂಪಿನಂತೆ ದುಡಿಸಿದರು. ಸಿಲಿಂಡರಿನಿಂದ ಹೊರಬಿದ್ದ ಒತ್ತಡದ ಅಲೆ ಸೈಲೆನ್ಸರಿನ ಶಂಕುವಿಗೆ ಬಡಿದು ಹಿಂದಿರುಗುತ್ತದೆ. ಹೊರಗೆ ಜಾರಿಹೋಗಲಿದ್ದ ತಾಜಾ ಪೆಟ್ರೋಲ್–ಗಾಳಿ ಮಿಶ್ರಣವನ್ನು ಮರಳಿ ಒಳಕ್ಕೆ ತಳ್ಳುತ್ತದೆ. 1961ರಲ್ಲಿ ಅವರ 125 ಸಿಸಿ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು, ಲೀಟರಿಗೆ 200ರ ಲೆಕ್ಕ. ಅದೇ ವರ್ಷ ಸ್ವೀಡನ್ ರೇಸಿನ ಹೊತ್ತಿನಲ್ಲಿ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದರು. ಈ ವಿದ್ಯೆಯೂ ಅವರೊಂದಿಗೆ ಜಪಾನಿಗೆ ಹೋಯಿತು. ಇಂದು ಸ್ಕೂಟರಿಗೆ ಹಾಕುವ ಪ್ರತಿಯೊಂದು ರೇಸಿಂಗ್ ಸೈಲೆನ್ಸರಿನಲ್ಲೂ ಕಾಡೆನ್ ಅವರ ಲೆಕ್ಕಾಚಾರ ಇದೆ.

ಶಕ್ತಿ ಎರಡು ಪಟ್ಟಾದರೆ ಸುಡುವ ಪೆಟ್ರೋಲೂ ಹೆಚ್ಚುಕಡಿಮೆ ಎರಡು ಪಟ್ಟು, ಹುಟ್ಟುವ ಬಿಸಿಯೂ ಅಷ್ಟೇ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಟೂ ಸ್ಟ್ರೋಕ್ ಪ್ರತಿ ಸುತ್ತಿಗೂ ಉರಿಯುತ್ತದೆ. ಪಿಸ್ಟನ್ನಿಗೆ ಉಸಿರಾಡಲು ಬಿಡುವೇ ಇಲ್ಲ. ಹೆಡ್ಡಿನ ಫಿನ್‌ಗಳ ವಿಸ್ತೀರ್ಣ ಮಾತ್ರ ದೊಡ್ಡದಾಗಿಲ್ಲ, ಫ್ಯಾನಿನ ರೆಕ್ಕೆಗಳು ಹೆಚ್ಚಾಗಿಲ್ಲ. ಪಿಕಪ್ ಚುರುಕಾಗಲೆಂದು ಫ್ಲೈವೀಲನ್ನು ಲೇತಿಗೆ ಹಾಕಿ ಹಗುರ ಮಾಡಿಸುವವರು ಕೆಲವೊಮ್ಮೆ ರೆಕ್ಕೆಗಳನ್ನೂ ಕತ್ತರಿಸಿಬಿಡುತ್ತಾರೆ. ಇದ್ದ ಗಾಳಿಯೂ ಅಲ್ಲಿಗೆ ಕಡಿಮೆಯಾಯಿತು.

ಕೂದಲೆಳೆಯ ಸಂದಿನಲ್ಲಿ

ಎಂಜಿನ್ ಸೀಜ್ ಆಗುವುದೆಂದರೆ ಏನು? 177 ಸಿಸಿಯ ಸಿಲಿಂಡರನ್ನೇ ತೆಗೆದುಕೊಳ್ಳಿ. ಎರಕದ ಕಬ್ಬಿಣದ 63 ಮಿಲಿಮೀಟರ್ ಬೋರಿನೊಳಗೆ ಅಲ್ಯೂಮಿನಿಯಂ ಮಿಶ್ರಲೋಹದ ಪಿಸ್ಟನ್. ಎರಡರ ನಡುವೆ ಬಿಟ್ಟಿರುವ ಸಂದು ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸು. ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಪಿಸ್ಟನ್ 0.12 ಮಿಲಿಮೀಟರಿನಷ್ಟು ಹಿಗ್ಗುತ್ತದೆ, ಕಬ್ಬಿಣದ ಬೋರು ಅದರ ಅರ್ಧದಷ್ಟು ಮಾತ್ರ. ಅಷ್ಟೇ ಆದರೆ ಸಂದು ಉಳಿದೀತು. ಬೆಂಕಿಯ ಎದುರು ನಿಲ್ಲುವುದು ಪಿಸ್ಟನ್, ಗಾಳಿ ತಾಗುವುದು ಸಿಲಿಂಡರಿಗೆ. ಹಾಗಾಗಿ ಪಿಸ್ಟನ್ನಿನ ಬಿಸಿ ಯಾವಾಗಲೂ ಮುಂದಿರುತ್ತದೆ. ಅದರಲ್ಲೂ ಹೊಗೆ ಹೊರಹೋಗುವ ಪೋರ್ಟಿನ ಕಡೆಯ ಮೈ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಸಂದು ಮುಗಿದ ಕ್ಷಣ ಆಯಿಲ್ಲಿನ ಪದರ ಹರಿಯುತ್ತದೆ, ಅಲ್ಯೂಮಿನಿಯಂ ಕಬ್ಬಿಣಕ್ಕೆ ಉಜ್ಜಿ ಅಂಟಿಕೊಳ್ಳುತ್ತದೆ, ಹಿಂದಿನ ಚಕ್ರ ಓಡುತ್ತಿರುವಾಗಲೇ ಬಿಗಿದು ನಿಲ್ಲುತ್ತದೆ.

ಟೂ ಸ್ಟ್ರೋಕ್ ರೇಸಿನ ಸವಾರರು ಎಡಗೈಯ ಬೆರಳುಗಳನ್ನು ಸದಾ ಕ್ಲಚ್ ಮೇಲೇ ಇಟ್ಟುಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಎಂಜಿನ್ ಹಿಡಿದುಕೊಂಡ ಕೂಡಲೇ ಕ್ಲಚ್ ಅದುಮಿದರೆ ಚಕ್ರ ಬಿಡುಗಡೆಯಾಗುತ್ತದೆ, ಸವಾರ ಬೀಳುವುದು ತಪ್ಪುತ್ತದೆ.

ಅಲ್ಯೂಮಿನಿಯಂ ಸಿಲಿಂಡರ್‌ಗಳು ಈ ವಿಷಯದಲ್ಲಿ ಮೇಲು. ಪಿಸ್ಟನ್ನೂ ಬೋರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ, ಕಬ್ಬಿಣದ ಸುಮಾರು ಮೂರು ಪಟ್ಟು ವೇಗದಲ್ಲಿ ಬಿಸಿಯನ್ನು ಹೊರಕ್ಕೆ ಸಾಗಿಸುತ್ತವೆ. ಒಳಮೈಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಗಟ್ಟಿ ಲೇಪ ಇರುತ್ತದೆ. ಹಾಗೆಂದು ಅವೂ ಅಜೇಯವಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ; ಪಿಸ್ಟನ್ನಿನ ನೆತ್ತಿಗೆ ತೂತು ಬಿದ್ದ ಎಂಜಿನ್ನುಗಳನ್ನು ಹಳೆಯ ಮೆಕ್ಯಾನಿಕ್‌ಗಳೆಲ್ಲ ಕಂಡಿದ್ದಾರೆ.

ಹಿಡಿದುಕೊಂಡ ಪಿಸ್ಟನ್ನನ್ನು ಬಿಚ್ಚಿ ನೋಡಿದರೆ ಗಾಯದ ಜಾಗವೇ ಕಾರಣ ಹೇಳುತ್ತದೆ. ಗೀರು ಪೋರ್ಟಿನ ಕಡೆ ಮಾತ್ರ ಇದ್ದರೆ ಮಿಶ್ರಣ ತೆಳುವಾಗಿ ಅತಿ ಬಿಸಿಯಾಗಿದೆ ಅಥವಾ ಆಯಿಲ್ ಸಾಲದಾಗಿದೆ. ನಾಲ್ಕು ಮೂಲೆಗಳಲ್ಲೂ ಉದ್ದುದ್ದ ಗೀರಿದ್ದರೆ, ಬೋರು ಬಿಸಿಯಾಗುವ ಮೊದಲೇ ಪಿಸ್ಟನ್ ಹಿಗ್ಗಿದೆ; ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ತಿರುವಿದ್ದರ ಫಲ ಅದು. ನೆತ್ತಿಯ ಅಂಚಿನಲ್ಲಿ ಮರಳು ಎರಚಿದಂಥ ಸಣ್ಣ ಕುಳಿಗಳಿದ್ದರೆ ಅದು ಡಿಟೊನೇಶನ್. ಮಿಶ್ರಣ ಉರಿಯುವ ಬದಲು ಸಿಡಿದಿದೆ. ಎಲ್ಲವನ್ನೂ ಸಿಲಿಂಡರ್ ಹಾಳಾದ ಮೇಲೆ ತಿಳಿಯುವ ಬದಲು ಮೊದಲೇ ತಿಳಿಯುವ ದಾರಿಯೇ ಉಷ್ಣತೆಯ ಮೀಟರ್.

ವಿಮಾನದಿಂದ ಇಳಿದು ಬಂದ ವಿದ್ಯೆ

ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಜೋಡಿಸಿ ಬಿಸಿ ಮಾಡಿದರೆ ಅಲ್ಲಿ ವಿದ್ಯುತ್ತಿನ ಪರಿಣಾಮ ಕಾಣುತ್ತದೆ ಎಂಬುದನ್ನು 1821ರಲ್ಲಿ ಕಂಡುಕೊಂಡವರು ಥಾಮಸ್ ಯೋಹಾನ್ ಸೀಬೆಕ್. ಥರ್ಮೊಕಪಲ್ ಎಂಬ ಸೆನ್ಸರಿನ ಮೂಲ ಅದೇ. ಇಂದು ಎಂಜಿನ್ನುಗಳಲ್ಲಿ ಹೆಚ್ಚಾಗಿ ಬಳಸುವ ಕೆ ಟೈಪ್ ತಂತಿಜೋಡಿ ಪ್ರತಿ ಡಿಗ್ರಿಗೆ ಸುಮಾರು 41 ಮೈಕ್ರೊವೋಲ್ಟ್ ಕೊಡುತ್ತದೆ. ಅಷ್ಟು ಕ್ಷೀಣ ಸಂಕೇತವನ್ನು ಮೀಟರ್ ಡಿಗ್ರಿಯಾಗಿ ಓದಿ ತೋರಿಸುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನ ಬಿಸಿಯನ್ನು ಸದಾ ಕಣ್ಣಮುಂದೆ ಇಟ್ಟುಕೊಳ್ಳುವ ಶಿಸ್ತು ಗಟ್ಟಿಯಾದದ್ದು ಮೈಕ್ರೊಲೈಟ್ ವಿಮಾನಗಳಲ್ಲಿ. ಆಕಾಶದಲ್ಲಿ ಎಂಜಿನ್ ಹಿಡಿದುಕೊಂಡರೆ ಬದಿಗೆ ನಿಲ್ಲಿಸಲು ಜಾಗವಿಲ್ಲ. ಆಸ್ಟ್ರಿಯಾದ ರೋಟ್ಯಾಕ್ಸ್ 503 ಎಂಜಿನ್, ಸ್ಕೂಟರಿನಂತೆಯೇ ಫ್ಯಾನಿನ ಗಾಳಿಯಿಂದ ತಣಿಯುವ ಟೂ ಸ್ಟ್ರೋಕ್. ಅದರ ಹೆಡ್ಡಿನ ಉಷ್ಣತೆ 250 ಡಿಗ್ರಿ ಮೀರಬಾರದು, ಹೊರಹೋಗುವ ಹೊಗೆಯ ಉಷ್ಣತೆ 650 ಡಿಗ್ರಿ ಮೀರಬಾರದು ಎಂದು ಕಂಪನಿಯೇ ಗೆರೆ ಎಳೆದಿದೆ. ಬೆಂಗಳೂರಿಗೂ ಈ ಲೋಕಕ್ಕೂ ನೇರ ನಂಟಿದೆ: ಇಲ್ಲಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್‌–ಏರ್ ಪುಟ್ಟ ವಿಮಾನಗಳು ರೋಟ್ಯಾಕ್ಸ್ ಟೂ ಸ್ಟ್ರೋಕ್ ಎಂಜಿನ್ ಹೊತ್ತು ಯುರೋಪಿನವರೆಗೂ ಹೋಗಿ ಹಾರಿದವು.

ಸ್ಕೂಟರಿನವರು ಆ ಎರಡೂ ಅಳತೆಗಳನ್ನು ತಮ್ಮದಾಗಿಸಿಕೊಂಡರು. ಒಂದು ಹೆಡ್ಡಿನ ಬಿಸಿ, ಇನ್ನೊಂದು ಹೊಗೆಯ ಬಿಸಿ. ತೈವಾನಿನ ಕೋಸೊ, ಅಮೆರಿಕದ ಟ್ರೇಲ್‌ ಟೆಕ್ ಕಂಪನಿಗಳ ಪುಟ್ಟ ಡಿಜಿಟಲ್ ಮೀಟರ್‌ಗಳು ಹ್ಯಾಂಡಲ್ ಮೇಲೆ ಬಂದವು. ಎಸ್‌ಐಪಿಯ ಸ್ಪೀಡೊಮೀಟರ್, ಹಳೆಯ ವೆಸ್ಪಾದ ಮೀಟರಿನ ಜಾಗದಲ್ಲೇ ಕೂತು ವೇಗದ ಜೊತೆ ಉಷ್ಣತೆಯನ್ನೂ ತೋರಿಸುತ್ತದೆ.

ವಾಷರ್ ಇದ್ದ ಜಾಗದಲ್ಲಿ ಉಂಗುರ

ಹೆಡ್ಡಿನ ಬಿಸಿ ಅಳೆಯುವ ಸೆನ್ಸರ್ ನೋಡಲು ತೀರಾ ಸಾಮಾನ್ಯ ವಸ್ತು. 14 ಮಿಲಿಮೀಟರ್ ತೂತಿನ ತಾಮ್ರಬಣ್ಣದ ಒಂದು ಉಂಗುರ, ಅದರ ಬಾಲಕ್ಕೆ ಬೆಸೆದ ತಂತಿ. ಪ್ಲಗ್ ಬಿಚ್ಚಿ, ಅದರಲ್ಲಿರುವ ಮೂಲ ವಾಷರ್ ತೆಗೆದು, ಆ ಜಾಗಕ್ಕೆ ಉಂಗುರ ತೂರಿಸಿ ಮತ್ತೆ ಬಿಗಿಯಬೇಕು. ವಾಷರನ್ನೂ ಉಳಿಸಿ ಉಂಗುರವನ್ನೂ ಹಾಕಿದರೆ ಎರಡು ತಪ್ಪಾಗುತ್ತವೆ. ಪ್ಲಗ್ಗಿನ ತುದಿ ಉರಿಯುವ ಕೋಣೆಯಿಂದ ಹಿಂದೆ ಸರಿಯುತ್ತದೆ. ಬಿಸಿ ಪ್ಲಗ್ಗಿನಿಂದ ಹೆಡ್ಡಿಗೆ ಹರಿಯುವ ದಾರಿಯಲ್ಲಿ ಒಂದು ಅಡ್ಡಗೋಡೆ ಹೆಚ್ಚಾಗಿ ಮೀಟರಿನ ಅಂಕಿಯೂ ಕೆಡುತ್ತದೆ.

ಉಂಗುರದ ಬಾಲ ಫಿನ್‌ಗೆ ತಾಗದಂತೆ, ಗಾಳಿ ನೇರವಾಗಿ ಬಡಿಯದಂತೆ ತಿರುಗಿಸಿಡುವುದು ಮುಂದಿನ ಕೆಲಸ. ತಂತಿಯನ್ನು ಪ್ಲಗ್ ವೈರಿನ ಪಕ್ಕದಲ್ಲೇ ಕಟ್ಟಿದರೆ ಸ್ಪಾರ್ಕಿನ ಪ್ರಭಾವದಿಂದ ಅಂಕಿಗಳು ಹುಚ್ಚುಚ್ಚಾಗಿ ಕುಣಿಯುತ್ತವೆ. ಎರಡನ್ನೂ ದೂರ ದೂರ ಒಯ್ಯಬೇಕು. ಕವಚದ ತಗಡಿನಲ್ಲಿ ತಂತಿಗೆಂದು ಕೊರೆದ ತೂತನ್ನು ರಬ್ಬರ್ ಬುಷ್ ಹಾಕಿ ಮುಚ್ಚಬೇಕು, ಇಲ್ಲವಾದರೆ ತಣಿಸಬೇಕಾದ ಗಾಳಿ ಅಲ್ಲಿಂದಲೇ ಸೋರುತ್ತದೆ. ಥರ್ಮೊಕಪಲ್ ತಂತಿ ಗಿಡ್ಡವಾಯಿತೆಂದು ಮನೆಯಲ್ಲಿದ್ದ ತಾಮ್ರದ ವೈರ್ ಸೇರಿಸಿ ಉದ್ದ ಮಾಡುವುದು ಸಲ್ಲ. ಸೇರಿಸಿದ ಜಾಗದಲ್ಲೂ ಎರಡು ಲೋಹ ಕೂಡುತ್ತವೆ, ಅಲ್ಲಿನ ಬಿಸಿಯೂ ಲೆಕ್ಕದೊಳಗೆ ನುಸುಳಿ ಅಂಕಿ ಸುಳ್ಳಾಗುತ್ತದೆ.

ಹೊಗೆಯ ಬಿಸಿ ಅಳೆಯುವ ಸಲಾಕೆಯನ್ನು ಸೈಲೆನ್ಸರ್ ಪೈಪಿಗೆ ತೂತು ಕೊರೆದು ಕೂರಿಸುತ್ತಾರೆ, ಪಿಸ್ಟನ್ನಿನಿಂದ ಸಾಮಾನ್ಯವಾಗಿ ಹತ್ತು–ಹದಿನೈದು ಸೆಂಟಿಮೀಟರ್ ದೂರದಲ್ಲಿ. ಅದು ಇನ್ನೊಂದಿಷ್ಟು ಆಚೆ ಹೋದರೆ ಅಂಕಿ ಇಳಿಯುತ್ತದೆ. ಆದ್ದರಿಂದ ಒಂದು ಸ್ಕೂಟರಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಹೆಡ್ಡಿನ ವಿಷಯದಲ್ಲೂ ಇದೇ ಮಾತು. ಊರೊಳಗಿನ ಓಡಾಟದಲ್ಲಿ 120ರಿಂದ 160 ಡಿಗ್ರಿ, ಹೆದ್ದಾರಿಯಲ್ಲಿ ಆಕ್ಸಿಲರೇಟರ್ ತುಂಬ ತೆರೆದಾಗ 180–200, ಅದರಿಂದಾಚೆಗೆ ಎಚ್ಚರಿಕೆ ಎಂಬುದು ವೆಸ್ಪಾ ಟ್ಯೂನರ್‌ಗಳ ನಡುವಿನ ರೂಢಿಯ ಲೆಕ್ಕ. ಆದರೆ ತನ್ನ ಎಂಜಿನ್ ಸುಸ್ಥಿತಿಯಲ್ಲಿದ್ದಾಗ ಯಾವ ರಸ್ತೆಯಲ್ಲಿ, ಯಾವ ಗೇರಿನಲ್ಲಿ ಎಷ್ಟು ತೋರಿಸುತ್ತದೆ ಎಂಬುದನ್ನು ಬರೆದಿಟ್ಟುಕೊಂಡ ಸವಾರನಿಗೆ ಯಾವ ರೂಢಿಯ ಲೆಕ್ಕಕ್ಕಿಂತಲೂ ಅದೇ ದೊಡ್ಡ ಆಸ್ತಿ. ನಿನ್ನೆಯವರೆಗೆ 165 ತೋರಿಸುತ್ತಿದ್ದ ಏರಿನಲ್ಲಿ ಇಂದು 185 ಬಂತೆಂದರೆ, ಅದು ಅಪಾಯದ ಗೆರೆಯೊಳಗೇ ಇದ್ದರೂ, ಏನೋ ಬದಲಾಗಿದೆ. ಆ ಇಪ್ಪತ್ತು ಡಿಗ್ರಿಯ ಹಿಂದೆ ಹೋಗುವುದೇ ಈ ವಿದ್ಯೆಯ ತಿರುಳು.

ಎರಡು ಮೀಟರ್, ಎರಡು ಮಾತು

ಎರಡೂ ಅಳತೆ ಬೇಕೇ ಎಂದು ಕೇಳುವವರಿದ್ದಾರೆ. ಹೆಡ್ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಹೊಗೆಯ ಸಲಾಕೆ ಆಕ್ಸಿಲರೇಟರ್ ತಿರುವಿದ ಕೆಲವೇ ಕ್ಷಣದಲ್ಲಿ ಪ್ರತಿಕ್ರಿಯಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿದಾಗ ಒಂದೇ ಮೀಟರ್ ಹೇಳಲಾಗದ ಸಂಗತಿ ಹೊರಬರುತ್ತದೆ.

ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾದರೆ ಹೊಗೆಯ ಬಿಸಿ ಥಟ್ಟನೆ ಏರುತ್ತದೆ, ಹೆಡ್ ಅದರ ಹಿಂದೆಯೇ ಏರುತ್ತದೆ. ಸ್ಪಾರ್ಕಿನ ಸಮಯ ತಡವಾಗಿದ್ದರೆ ಉರಿ ಮುಗಿಯುವ ಮೊದಲೇ ಪೋರ್ಟ್ ತೆರೆದುಕೊಳ್ಳುತ್ತದೆ. ಬಿಸಿಯೆಲ್ಲ ಸೈಲೆನ್ಸರಿಗೆ ಹೋಗಿ ಹೊಗೆಯ ಅಂಕಿ ಮೇಲಕ್ಕೆ, ಹೆಡ್ಡಿನ ಅಂಕಿ ಕೆಳಕ್ಕೆ ಸರಿಯುತ್ತವೆ. ಸ್ಪಾರ್ಕ್ ಬೇಗ ಬರುತ್ತಿದ್ದರೆ ಇದರ ತಿರುಗುಮುರುಗು. ಕಾರ್ಖಾನೆಯ ಲೆಕ್ಕದಲ್ಲಿ ಪಿಎಕ್ಸ್ 150ರ ಸ್ಪಾರ್ಕ್ ಪಿಸ್ಟನ್ ತುದಿ ಮುಟ್ಟುವ 18 ಡಿಗ್ರಿ ಮೊದಲು, 200ರದ್ದು 23 ಡಿಗ್ರಿ ಮೊದಲು. ಶಕ್ತಿ ಹೆಚ್ಚಿಸಿದ ಎಂಜಿನ್ನುಗಳಲ್ಲಿ 200ರ ಈ ಕೋನವನ್ನು ಕಡಿಮೆ ಮಾಡಿಟ್ಟುಕೊಳ್ಳುವುದು ಹೆಡ್ ಉಳಿಸಲು.

ಎಲ್ಲಕ್ಕಿಂತ ಅಪಾಯದ್ದು ಡಿಟೊನೇಶನ್. ಹೆಡ್ಡಿನ ಅಂಕಿ ದಬದಬನೆ ಏರುತ್ತಿರುವಾಗ ಹೊಗೆಯ ಅಂಕಿ ಇಳಿಯತೊಡಗುತ್ತದೆ. ಸಿಡಿತದ ಬಿಸಿ ಹೊರಗೆ ಹೋಗದೆ ಪಿಸ್ಟನ್ನಿಗೂ ಹೆಡ್ಡಿಗೂ ನುಗ್ಗುತ್ತಿದೆ ಎಂಬುದು ಇದರರ್ಥ. ಹೊಗೆಯ ಮೀಟರೊಂದನ್ನೇ ನೋಡುವವರು ಆಗ ಎಂಜಿನ್ ತಣಿಯಿತೆಂದು ಸಮಾಧಾನಪಟ್ಟುಕೊಂಡು ಇನ್ನಷ್ಟು ತಿರುವುವ ಸಾಧ್ಯತೆಯಿದೆ. ಈ ಜೋಡಿ ಲಕ್ಷಣ ಕಂಡ ಕೂಡಲೇ ಆಕ್ಸಿಲರೇಟರ್ ಬಿಡಬೇಕು, ಚೋಕ್ ಎಳೆಯಬೇಕು. ಚೋಕ್ ಎಳೆದಾಗ ಒಳನುಗ್ಗುವ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಪಿಸ್ಟನ್ನಿನ ಬಿಸಿ ಹೀರುತ್ತದೆ, ಅದರಲ್ಲಿ ಬೆರೆತ ಆಯಿಲ್ಲೂ ಒಳಹೋಗುತ್ತದೆ.

ನಿಂತ ಮೇಲೂ ಎಂಜಿನ್ ಥಟ್ಟನೆ ಆಫ್ ಮಾಡುವುದು ಒಳ್ಳೆಯದಲ್ಲ. ಎಂಜಿನ್ ನಿಂತರೆ ಫ್ಯಾನೂ ನಿಲ್ಲುತ್ತದೆ. ಪಿಸ್ಟನ್ನಿನಲ್ಲಿ, ಸಿಲಿಂಡರಿನಲ್ಲಿ ಸಿಕ್ಕಿಕೊಂಡ ಬಿಸಿ ಹೆಡ್ಡಿಗೆ ಹರಿದು, ಆಫ್ ಆದ ಎಂಜಿನ್ನಿನ ಅಂಕಿ ಸ್ವಲ್ಪ ಹೊತ್ತು ಏರುತ್ತಲೇ ಹೋಗುವುದನ್ನು ಮೀಟರಿನಲ್ಲೇ ನೋಡಬಹುದು. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಅದೇ ಅಂಕಿ ಇಳಿಯುತ್ತದೆ.

ಬಿಸಿಯ ಬೇರು ಹುಡುಕುತ್ತಾ

ಮೀಟರ್ ಎಂಜಿನ್ನನ್ನು ತಣಿಸುವುದಿಲ್ಲ. ಅದು ತೋರಿಸಿದ್ದನ್ನು ನಂಬಿ ಒಂದೊಂದಾಗಿ ಪರೀಕ್ಷಿಸುವವರ ಎಂಜಿನ್ ಮಾತ್ರ ಉಳಿಯುತ್ತದೆ.

ಮೊದಲು ಗಾಳಿಯ ದಾರಿ. ಕವಚದ ಒಂದು ಸ್ಕ್ರೂ ಬಿದ್ದುಹೋಗಿದ್ದರೂ, ತಗಡು ಸಿಲಿಂಡರಿಗೆ ಸರಿಯಾಗಿ ಕೂರದಿದ್ದರೂ ಗಾಳಿ ಫಿನ್‌ಗಳನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಗ್ಯಾಸ್ಕೆಟ್ಟಿನಿಂದ ಜಿನುಗಿದ ಆಯಿಲ್ಲಿಗೆ ಕೆಂಧೂಳು ಮೆತ್ತಿ ಫಿನ್‌ಗಳ ಸಂದು ಮುಚ್ಚಿಹೋಗಿರುವುದು ನಮ್ಮ ರಸ್ತೆಗಳಲ್ಲಿ ಓಡಿದ ಸ್ಕೂಟರ್‌ಗಳಲ್ಲಿ ಕಾಣುವ ದೃಶ್ಯ. ಕಿರೋಸಿನ್ ಮತ್ತು ಬ್ರಶ್ಶು ಹಿಡಿದು ಅರ್ಧ ಗಂಟೆ ಕೂತರೆ ಮುಗಿಯುವ ಕೆಲಸ.

ಎರಡನೆಯದು ಕಳ್ಳಗಾಳಿ. ಕ್ರ್ಯಾಂಕಿನ ಫ್ಲೈವೀಲ್ ಕಡೆಯ ಆಯಿಲ್ ಸೀಲ್ ಸವೆದರೆ ಎಂಜಿನ್ ಕಾರ್ಬೊರೇಟರಿನ ಲೆಕ್ಕ ತಪ್ಪಿಸಿ ಅಲ್ಲಿಂದಲೂ ಗಾಳಿ ಹೀರುತ್ತದೆ. ಪೆಟ್ರೋಲ್ ಅಳೆದು ಬಿಡುವ ಜೆಟ್ ಸರಿಯಾಗಿದ್ದರೂ ಮಿಶ್ರಣ ತೆಳುವಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದೆ ಎಂಜಿನ್ ಚೀರುತ್ತಿದ್ದರೆ ಮೊದಲ ಅನುಮಾನ ಈ ಸೀಲಿನ ಮೇಲೇ. ಕ್ಲಚ್ ಕಡೆಯ ಸೀಲ್ ಹೋದರೆ ಲಕ್ಷಣ ಬೇರೆ: ಗೇರ್ ಆಯಿಲ್ ಒಳಗೆ ಸೇರಿ ದಟ್ಟ ಬಿಳಿಹೊಗೆ ಬರುತ್ತದೆ.

ಮೂರನೆಯದು ಪ್ಲಗ್. ಅದರ ತುದಿ ಮಸಿ ಸುಟ್ಟುಕೊಳ್ಳುವಷ್ಟು, ಅಂದರೆ 450 ಡಿಗ್ರಿಯಾದರೂ ಕಾಯಬೇಕು. 850 ದಾಟಿದರೆ ಸ್ಪಾರ್ಕಿಗೂ ಮೊದಲೇ ಅದೇ ಕೆಂಡವಾಗಿ ಬೆಂಕಿ ಹಚ್ಚುತ್ತದೆ. ಶಕ್ತಿ ಹೆಚ್ಚಿದ ಎಂಜಿನ್ನಿಗೆ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್ ಬೇಕು. ಇಲ್ಲಿ ಸಂಖ್ಯೆಗಳು ಮೋಸ ಮಾಡುತ್ತವೆ. ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಷ್ಟೂ ತಣ್ಣನೆಯ ಪ್ಲಗ್, ಬಾಷ್‌ನ ಈಗಿನ ಪದ್ಧತಿಯಲ್ಲಿ ಸಂಖ್ಯೆ ಇಳಿದಷ್ಟೂ ತಣ್ಣನೆಯದು. ಬೆಂಗಳೂರಿನ ಮೈಕೋ ಕಾರ್ಖಾನೆಯ ಪ್ಲಗ್ಗುಗಳು ಚೇತಕ್ ಕಾಲದ ಸ್ಕೂಟರ್‌ಗಳಲ್ಲೆಲ್ಲ ಉರಿದಿವೆ. ಆ ಕಂಪನಿಯೇ 2008ರಲ್ಲಿ ಬಾಷ್ ಎಂಬ ಹೆಸರು ತಳೆಯಿತು. ಹಳೆಯ ಡಬ್ಬಿಯ ಸಂಖ್ಯೆ ನೋಡಿ ಹೊಸ ಪ್ಲಗ್ ಆರಿಸುವವರು ಪಟ್ಟಿ ನೋಡಿಯೇ ಆರಿಸಬೇಕು.

ನಾಲ್ಕನೆಯದು, ಹೆಡ್ ಮತ್ತು ಪಿಸ್ಟನ್ ನೆತ್ತಿಯ ಅಂಚಿನ ನಡುವಿನ ಸಂದು. ಪ್ಲಗ್ ತೂತಿನಿಂದ ಬೆಸುಗೆಯ ತವರದ ತಂತಿಯನ್ನು ಸಿಲಿಂಡರಿನ ಅಂಚು ಮುಟ್ಟುವಂತೆ ತೂರಿಸಿ, ಫ್ಲೈವೀಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಬಂದರೆ ನೆಮ್ಮದಿ. ಎರಡರ ಹತ್ತಿರ ಬಂದರೆ ಅಂಚಿನಲ್ಲಿ ಉಳಿದ ಮಿಶ್ರಣ ಸಿಡಿಯಲು ಜಾಗ ಸಿಕ್ಕಂತೆ.

ಸೆನ್ಸರ್ ಇಲ್ಲದವರು ಗ್ಯಾರೇಜಿನ ಇನ್‌ಫ್ರಾರೆಡ್ ಗನ್ ಹಿಡಿದು ಹೆಡ್ ಅಳೆಯುವುದೂ ಉಂಟು. ಆದರೆ ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಅದಕ್ಕೆ ಪೂರ್ತಿ ತೋರಿಸುವುದಿಲ್ಲ, ಅಂಕಿ ನಿಜಕ್ಕಿಂತ ಬಹಳ ಕಡಿಮೆ ಬರುತ್ತದೆ. ಬಿಸಿ ತಾಳುವ ಕಪ್ಪು ಬಣ್ಣದ ಒಂದು ಬೊಟ್ಟಿಟ್ಟು ಅಲ್ಲಿಗೇ ಗುರಿಯಿಟ್ಟರೆ ನಂಬಬಹುದಾದ ಅಂಕಿ ಸಿಗುತ್ತದೆ. ಆದರೂ ಅದು ನಿಂತ ಮೇಲಿನ ಅಳತೆ, ಓಡುವಾಗಿನದಲ್ಲ.

ಎಥೆನಾಲ್, ಎತ್ತರ ಮತ್ತು ಶಿರಾಡಿ ಘಾಟಿ

ಭಾರತಕ್ಕೆ ಈ ವಿಷಯ ದೂರದ್ದಲ್ಲ. ಬಜಾಜ್ ಕಂಪನಿ ವೆಸ್ಪಾವನ್ನು ಪರವಾನಗಿ ಪಡೆದು ತಯಾರಿಸಿತು, 1972ರಿಂದ ಅದೇ ವಿನ್ಯಾಸದ ಚೇತಕ್ ಬಂತು. ಅದರ 57 ಮಿಲಿಮೀಟರ್ ಬೋರು, 57 ಮಿಲಿಮೀಟರ್ ಸ್ಟ್ರೋಕಿನ 145 ಸಿಸಿ ಎಂಜಿನ್ ದೇಶದ ಮೂಲೆಮೂಲೆಗೂ ಹೋಯಿತು. ಅದೇ ವರ್ಷ ಇನ್ನೊಚೆಂಟಿಯ ಲ್ಯಾಂಬ್ರೆಟಾ ಯಂತ್ರಗಳನ್ನು ಭಾರತ ಸರ್ಕಾರ ಕೊಂಡು ಲಖನೌಗೆ ತಂದಿತು. ಕಾನ್ಪುರದ ಎಲ್‌ಎಂಎಲ್ ತಯಾರಿಸಿದ ಸ್ಟಾರ್ ಸ್ಕೂಟರ್‌ಗಳು ವೆಸ್ಪಾದ ತವರಾದ ಯುರೋಪಿಗೇ ರಫ್ತಾದವು. ಈ ಸ್ಕೂಟರ್‌ಗಳನ್ನು ಇಂದು ಮತ್ತೆ ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ ಓಡಿಸುವವರು ಹೆಚ್ಚಿದ್ದಾರೆ. ಕಾರ್ಖಾನೆಯ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಶಕ್ತಿ ಹೆಚ್ಚಿಸಿದ ಎಂಜಿನ್ನಿನ ಜಾಗ ರೇಸ್ ಟ್ರ್ಯಾಕ್. ಆದರೆ ಯಾವ ಬದಲಾವಣೆಯೂ ಆಗದ ಹಳೆಯ ಚೇತಕ್‌ಗೂ ಇಂದು ಹೆಡ್ಡಿನ ಮೀಟರ್ ಬೇಕಾಗುವ ಕಾರಣವೊಂದು ಬಂಕಿನಲ್ಲೇ ಇದೆ.

ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥೆನಾಲ್. ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಅಂದರೆ ಸಿಲಿಂಡರಿಗೆ ಬರುವ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ್ದ ಎಂಜಿನ್ನಿಗೆ ಈ ವ್ಯತ್ಯಾಸ ಸುಮಾರು ಶೇ 8. ಇಂಜೆಕ್ಷನ್ ಇರುವ ಹೊಸ ವಾಹನಗಳು ಸೆನ್ಸರ್ ನೋಡಿ ತಾವಾಗಿ ಸರಿಪಡಿಸಿಕೊಳ್ಳುತ್ತವೆ. ಕಾರ್ಬೊರೇಟರ್ ಹಳೆಯ ಲೆಕ್ಕದಲ್ಲೇ ಇಂಧನ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಹೆಡ್ ಕಾಯುತ್ತದೆ. ಪರಿಹಾರ ಜೆಟ್‌ನಲ್ಲಿದೆ. ಡೆಲ್ಲೊರ್ಟೊ ಕಾರ್ಬೊರೇಟರಿನ 100ರ ಜೆಟ್ ಎಂದರೆ ಒಂದು ಮಿಲಿಮೀಟರ್ ತೂತು, 105 ಎಂದರೆ 1.05 ಮಿಲಿಮೀಟರ್. ತೂತಿನ ವಿಸ್ತೀರ್ಣ ಇಷ್ಟಕ್ಕೇ ಶೇ 10ರಷ್ಟು ಹೆಚ್ಚುತ್ತದೆ. ಎಥೆನಾಲ್ ತೇವಾಂಶವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಸ್ಕೂಟರಿನ ಟ್ಯಾಂಕಿನಲ್ಲಿ ನೀರು ಮತ್ತು ಎಥೆನಾಲ್ ತಳದಲ್ಲಿ ಬೇರೆಯಾಗಿ ನಿಂತು, ಆಯಿಲ್ ಇಲ್ಲದ ಗುಟುಕು ಎಂಜಿನ್ನಿಗೆ ಹೋಗುವ ಅಪಾಯವಿದೆ. ಹಳೆಯ ಪೆಟ್ರೋಲ್ ಖಾಲಿ ಮಾಡಿ ಹೊಸದು ತುಂಬಿಸುವುದು ಕ್ಷೇಮ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಹತ್ತನೇ ಒಂದು ಪಾಲು ಕಡಿಮೆ. ಇಲ್ಲಿ ಸರಿಯಾಗಿ ಕೂತ ಜೆಟ್ ಮಂಗಳೂರಿನ ದಟ್ಟ ಗಾಳಿಯಲ್ಲಿ ಸಾಲದಾಗುತ್ತದೆ. ನಡುವೆ ಶಿರಾಡಿ ಘಾಟಿಯ ಇಳಿಜಾರು ಬೇರೆ. ಟೂ ಸ್ಟ್ರೋಕ್‌ಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಕಿಲೋಮೀಟರುಗಟ್ಟಲೆ ಇಳಿದರೆ ಪಿಸ್ಟನ್ ಜೋರಾಗಿ ಓಡುತ್ತಿರುತ್ತದೆ, ಆಯಿಲ್ ಮಾತ್ರ ತೊಟ್ಟಿಕ್ಕುತ್ತಿರುತ್ತದೆ. ಆಗಾಗ ಆಕ್ಸಿಲರೇಟರ್ ಕ್ಷಣಕಾಲ ತೆರೆದು ಪಿಸ್ಟನ್ನಿಗೆ ಆಯಿಲ್ ಮುಟ್ಟಿಸುತ್ತ ಇಳಿಯುವುದು ಅನುಭವಸ್ಥರ ಪದ್ಧತಿ. ಮರಳಿ ಹತ್ತುವಾಗ ಸಮಸ್ಯೆ ಇನ್ನೊಂದು: ದೊಡ್ಡ ಗೇರಿನಲ್ಲಿ ಎಂಜಿನ್ ಒದ್ದಾಡುತ್ತ ಏರಿದರೆ ಭಾರ ಹೆಚ್ಚು, ಫ್ಯಾನಿನ ವೇಗ ಕಡಿಮೆ. ಒಂದು ಗೇರ್ ಇಳಿಸಿ ಎಂಜಿನ್ನನ್ನು ಚುರುಕಾಗಿ ತಿರುಗಿಸಿದರೆ ಫ್ಯಾನೂ ಚುರುಕಾಗುತ್ತದೆ, ಹೆಡ್ಡಿನ ಅಂಕಿ ಇಳಿಯುವುದು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಹೀಗೆ ಕರಾವಳಿಗೆ ಹೊರಟ ಸ್ಕೂಟರ್ ಸವಾರ ಸಕಲೇಶಪುರದಲ್ಲಿ ಚಹಾಕ್ಕೆ ನಿಂತಾಗ ಮಾಡಬಹುದಾದ ಕೆಲಸ ಹತ್ತು ನಿಮಿಷದ್ದು. ಕಾರ್ಬೊರೇಟರ್ ಡಬ್ಬದ ಮುಚ್ಚಳ ತೆಗೆದು, ಜೆಟ್ ಬಿಚ್ಚಿ, ಒಂದು ಅಳತೆ ದೊಡ್ಡದನ್ನು ಹಾಕುವುದು. ಘಾಟಿ ಇಳಿದು ಬಿ.ಸಿ. ರೋಡ್ ಸಮೀಪ ಸಮತಟ್ಟಾದ, ಖಾಲಿ ರಸ್ತೆ ಸಿಕ್ಕಾಗ ಮೂರನೇ ಗೇರಿನಲ್ಲಿ ಒಂದು ನಿಮಿಷ ಒಂದೇ ವೇಗದಲ್ಲಿ ಓಡಿಸಿ ಹೆಡ್ಡಿನ ಅಂಕಿ ನೋಡುವುದು. ಬೆಂಗಳೂರಿನಲ್ಲಿ ಇದೇ ವೇಗಕ್ಕೆ ಬರೆದಿಟ್ಟುಕೊಂಡ ಅಂಕಿಯ ಆಸುಪಾಸಿನಲ್ಲಿದ್ದರೆ ಪ್ರಯಾಣ ಮುಂದುವರಿಸಬಹುದು. ಹದಿನೈದು–ಇಪ್ಪತ್ತು ಡಿಗ್ರಿ ಮೇಲಿದ್ದರೆ ಇನ್ನೂ ಒಂದು ಅಳತೆ ದೊಡ್ಡ ಜೆಟ್ ಹಾಕಬೇಕು, ಸೀಲು ಮತ್ತು ಗ್ಯಾಸ್ಕೆಟ್ಟಿನ ಕಡೆ ಕಣ್ಣಾಡಿಸಬೇಕು. ಅದು ಸರಿಯಾಗುವವರೆಗೆ ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ತಿರುವಬಾರದು.